ಹಾಸ್ಯಗಾರನಿಗೆ ಶಾಲು ಹೊದಿಸಿದ ಕಥೆ

‘ಈ ಕನ್ನಡಕ ಸ್ವಲ್ಪ ಸಡಿಲ ಮಾಡಿಕೊಡ್ತೀರಾ?’

ಬಹರೈನಿನ ಉಮ್ ಅಲ್ ಹಸ್ಸಮ್‌ನ ಕನ್ನಡಕದಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ ಆಯಿತು. ಬಿಗಿ ಮಾಡಿಕೊಡಿ ಎನ್ನುವವರನ್ನು ದಿನಾ ನೋಡುತ್ತೇನೆ. ಸಡಿಲ ಮಾಡಿ ಎಂದು ಬಂದವರು ಇವರೊಬ್ಬರೇ. ಬೆಳ್ಳಗಿನ ತಲೆ, ಮೈಮೇಲೆ ಕೋಟು (ಇಲ್ಲಿನ ಈ ಸೆಕೆಯಲ್ಲಿ!), ಎಪ್ಪತ್ತೆಂಟರ ಪ್ರಾಯ. ಹೆಸರು ರೇಮಂಡ್, ಇಂಗ್ಲೆಂಡಿನವರು.

ಸಡಿಲ ಮಾಡಿಕೊಟ್ಟೆ. ಅವರು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು, ಬ್ಯಾಂಕ್ ಮ್ಯಾನೇಜರ್ ಥರ ಮುಖ ಮಾಡಿ, ಕಿವಿ ಅಲ್ಲಾಡಿಸಿದರು. ಕನ್ನಡಕ ಸರ್ರನೆ ಜಾರಿ ಮೂಗಿನ ಮೇಲೆ ಕೂತಿತು. ನಾನು ಕೌಂಟರ್ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ. ‘ಇನ್ನೂ ಒಂದು ಚೂರು ಸಡಿಲ ಬೇಕು’ ಎಂದರು.

ಜನರನ್ನು ನಗಿಸಿಯೇ ನಲವತ್ತು ವರ್ಷ ಬದುಕಿದ ಮನುಷ್ಯ. ಬೇಸಿಗೆಯಲ್ಲಿ ಕಡಲತೀರದ ಥಿಯೇಟರುಗಳು, ಚಳಿಗಾಲದಲ್ಲಿ ರೇಡಿಯೊ, ನಡುನಡುವೆ ಟೀವಿಯಲ್ಲಿ ಬಾಗಿಲು ತೆರೆಯುವ ಬಟ್ಲರನ ಪಾತ್ರ. ಆರು ವರ್ಷದ ಹಿಂದೆ ಒಂದು ಷೋ ಮಧ್ಯೆ ಮಾತು ಮರೆತುಹೋಯಿತು. ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಅವತ್ತು ಇಳಿದವರು ಮತ್ತೆ ಸ್ಟೇಜ್ ಹತ್ತಲಿಲ್ಲ. ಇಲ್ಲಿ ಟೀಚರ್ ಆಗಿರುವ ಮಗಳು ‘ಸಾಕು ಡ್ಯಾಡ್’ ಎಂದು ತನ್ನ ಮನೆಗೆ ಕರೆತಂದಳು.

‘ಒಂದೇ ಒಂದು ಸಲ ಮತ್ತೆ ಆ ನಗು ಕೇಳಬೇಕು. ಆಮೇಲೆ ನಾನೇ ನಿಲ್ಲಿಸುತ್ತೇನೆ’ ಎಂದರು ನನ್ನ ಹತ್ತಿರ.

ನನ್ನ ಬಾಯಿ ಸುಮ್ಮನಿರುತ್ತದೆಯೇ? ಕೂಡಲೇ ಇಲ್ಲಿನ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಸದಾನಂದಣ್ಣನಿಗೆ ಫೋನ್ ಮಾಡಿದೆ. ‘ವಾರ್ಷಿಕೋತ್ಸವಕ್ಕೆ ಒಬ್ಬರು ಹಿರಿಯ ಕಲಾವಿದರು ಸಿಕ್ಕಿದ್ದಾರೆ ಅಣ್ಣ.’

‘ಹಿರಿಯ ಕಲಾವಿದರಾ? ಬಿಡ್ಲಿಕ್ಕುಂಟಾ! ಎಲ್ಲ ನಾನು ನೋಡಿಕೊಳ್ತೇನೆ ಮಾರಾಯ.’

ಮೂರು ವಾರ ರೇಮಂಡ್ ಪ್ರಾಕ್ಟೀಸ್ ಮಾಡಿದರು. ನನ್ನ ಅಂಗಡಿಯ ಕನ್ನಡಿಗಳ ಮುಂದೆಯೇ. (ಗಿರಾಕಿಗಳು ಕಡಿಮೆಯಾಗಲಿಲ್ಲ, ಹೆಚ್ಚಾದರು.) ನಮ್ಮವರನ್ನು ಹೇಗೆ ಮಾತಾಡಿಸಬೇಕು ಎಂದು ಕೇಳಿ ‘ಊಟ ಆಯ್ತಾ?’ ಎನ್ನುವುದನ್ನು ಕಲಿತರು.

ವಾರ್ಷಿಕೋತ್ಸವದ ಶುಕ್ರವಾರ ಮನಾಮಾದ ಹಾಲ್‌ನ ಬಾಗಿಲಲ್ಲಿ ಕಾರ್ಯಕ್ರಮದ ಪಟ್ಟಿ ಕೈಗೆ ಬಂತು. ಓದಿದೆ. ಭರತನಾಟ್ಯ ಇದೆ, ಯಕ್ಷಗಾನ ಇದೆ, ಮಕ್ಕಳ ಫ್ಯಾನ್ಸಿ ಡ್ರೆಸ್ ಇದೆ. ರೇಮಂಡ್ ಹೆಸರು ಇದ್ದದ್ದು ಒಂದೇ ಕಡೆ: ‘ಸನ್ಮಾನ’.

ಸದಾನಂದಣ್ಣನನ್ನು ಮೂಲೆಗೆ ಎಳೆದೆ. ‘ಇದೆಂತ ಅಣ್ಣ? ಅವರ ಪ್ರೋಗ್ರಾಮ್ ಎಲ್ಲಿ?’

‘ಎಂತ ಪ್ರೋಗ್ರಾಮ್? ಹಿರಿಯ ಕಲಾವಿದರು ಅಂತ ನೀನೇ ಹೇಳಿದ್ದಲ್ವಾ? ಹಿರಿಯರನ್ನು ಈ ಪ್ರಾಯದಲ್ಲಿ ಕುಣಿಸ್ಲಿಕ್ಕಾಗ್ತದಾ? ಶಾಲು ಹೊದಿಸುವ, ಎರಡು ನಿಮಿಷ ಮಾತಾಡ್ಲಿ. ಖಲ್ಲಾಸ್.’

ತಪ್ಪು ನನ್ನದೇ. ನಮ್ಮ ಸಂಘಗಳಲ್ಲಿ ಹಿರಿಯ ಕಲಾವಿದ ಎಂದರೆ ಕೂರಿಸಬೇಕಾದವರು, ಆಡಿಸಬೇಕಾದವರಲ್ಲ. ಇದನ್ನು ಮೂರನೇ ಸಾಲಿನಲ್ಲಿ ಮಗಳ ಪಕ್ಕ ಕೂತಿದ್ದ ರೇಮಂಡ್‌ಗೆ ಹೇಳುವಾಗ ನನಗೆ ಅಳುವೇ ಬಂತು. ಅವರು ಕೇಳಿದ್ದು ಒಂದೇ: ‘ಎರಡು ನಿಮಿಷ ಗ್ಯಾರಂಟಿಯೇ?’

ಸನ್ಮಾನ ಶುರುವಾಯಿತು. ಕುರ್ಚಿಯಲ್ಲಿ ಕೂರಿಸಿದರು. ಶಾಲು, ಮೈಸೂರು ಪೇಟ, ಗಂಧದ ಹಾರ. ತೊಡೆಯ ಮೇಲೆ ಹಣ್ಣಿನ ಬುಟ್ಟಿ, ಅದರ ಮೇಲೆ ಸ್ಮರಣಿಕೆ, ಕಂಕುಳಲ್ಲಿ ಫ್ರೇಮ್ ಹಾಕಿಸಿದ ಅಭಿನಂದನಾ ಪತ್ರ. ಪೇಟ ಎಷ್ಟು ಬಿಗಿಯಿತ್ತೆಂದರೆ ಆಟಕ್ಕೆಂದು ಹಣೆಯ ಮೇಲಿಟ್ಟುಕೊಂಡಿದ್ದ ಕನ್ನಡಕ ಅದರಡಿಯಲ್ಲಿ ಸಿಕ್ಕಿಬಿತ್ತು. ಕಿವಿ ಅಲ್ಲಾಡಿಸಲೂ ಜಾಗವಿಲ್ಲ. ನನ್ನ ರಿಪೇರಿ, ಅವರ ಮೂರು ವಾರದ ಪ್ರಾಕ್ಟೀಸ್ ಎಲ್ಲ ನೀರುಪಾಲು!

ಮೈಕ್ ಕೊಟ್ಟರು. ಹಿಡಿಯಲು ಕೈ ಎಲ್ಲಿದೆ?

ರೇಮಂಡ್ ಎದ್ದು ನಿಂತರು. ಬಾಯಿ ತೆರೆದರು, ಮುಚ್ಚಿದರು. ಮಾತಿಲ್ಲ. ಮಗಳು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು.

ಅವರು ನಿಧಾನವಾಗಿ ತಿರುಗಿ, ಹಣ್ಣಿನ ಬುಟ್ಟಿಯನ್ನು ಪಕ್ಕದಲ್ಲಿದ್ದ ಸಂಘದ ಅಧ್ಯಕ್ಷರ ಮುಂದೆ ಹಿಡಿದರು. ಅಧ್ಯಕ್ಷರು ಗಾಬರಿ. ಸನ್ಮಾನದ ಬುಟ್ಟಿ ವಾಪಸ್ ತೆಗೆದುಕೊಳ್ಳುವುದುಂಟೇ? ಕೈಮುಗಿದು ಹಿಂದಕ್ಕೆ ತಳ್ಳಿದರು. ರೇಮಂಡ್ ಸದಾನಂದಣ್ಣನ ಕಡೆ ಹೋದರು. ಅವರೂ ಕೈಮುಗಿದರು, ಜೊತೆಗೆ ಕೆಳಗೆ ಬಿದ್ದಿದ್ದ ಒಂದು ಕಿತ್ತಳೆ ಹೆಕ್ಕಿ ಬುಟ್ಟಿಗೆ ಸೇರಿಸಿದರು! ಮುಂದಿನ ಸಾಲಿನ ಅಜ್ಜಿಯೊಬ್ಬರು ಕಿಸಕ್ಕನೆ ನಕ್ಕರು. ಅಲ್ಲಿಂದ ಶುರು.

ಬುಟ್ಟಿ ಹೋಗುತ್ತದೆ, ಬುಟ್ಟಿ ಬರುತ್ತದೆ. ಸ್ಮರಣಿಕೆ ಕೊಟ್ಟರೆ ನಮಸ್ಕಾರ ಸಿಗುತ್ತದೆ. ರೇಮಂಡ್ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಕೊನೆಗೆ ಎಲ್ಲವನ್ನೂ ಕುರ್ಚಿಯ ಮೇಲಿಟ್ಟು, ಪೇಟ ತೆಗೆದು ಅಧ್ಯಕ್ಷರ ತಲೆಗಿಟ್ಟರು. ಸರ್ರನೆ ಕನ್ನಡಕ ಮೂಗಿಗಿಳಿಯಿತು. ಇಂಗ್ಲಿಷ್ ಬಿಟ್ಟು ಬೇರೆ ಬಾರದ ಮಕ್ಕಳೂ, ಇಂಗ್ಲಿಷೇ ಬಾರದ ಅಜ್ಜಿಯರೂ ಒಟ್ಟಿಗೆ ನಕ್ಕರು. ಅಸ್ಕರ್‌ನ ಕಾರ್ಖಾನೆಯಿಂದ ಶಿಫ್ಟ್ ಮುಗಿಸಿ ಬಂದು ಹಿಂದೆ ನಿಂತಿದ್ದ ಹುಡುಗರು ಶಿಳ್ಳೆ ಹೊಡೆದರು.

ಆಗ ಅವರು ಮೈಕ್ ಹಿಡಿದು, ಬಹಳ ಗಂಭೀರವಾಗಿ ಕೇಳಿದರು: ‘ಊಟ ಆಯ್ತಾ?’

ಗಂಟೆ ಒಂಬತ್ತೂವರೆ. ಊಟ ಎಲ್ಲಿ ಆಗಿರುತ್ತದೆ? ಹಾಲ್ ಕುಣಿದುಬಿಟ್ಟಿತು. ಎರಡು ನಿಮಿಷದವರು ಹದಿನೆಂಟು ನಿಮಿಷ ಆಡಿದರು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಗಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ನನಗಂತೂ ನಾನೇ ಗೆದ್ದಷ್ಟು ಹೆಮ್ಮೆ.

ಪರದೆಯ ಹಿಂದೆ ರೇಮಂಡ್ ನನ್ನ ಕೈ ಹಿಡಿದರು. ‘ಎದ್ದು ನಿಂತಾಗ ಒಂದು ಲೈನೂ ನೆನಪಿರಲಿಲ್ಲ. ಆ ಬುಟ್ಟಿ ಇಲ್ಲದಿದ್ದರೆ ಇವತ್ತು ನಾನು ಮುಗಿದೆ. ಅಂದಹಾಗೆ ಆ ಇಬ್ಬರು ನಟರು ಯಾರು? ಎಂಥ ಟೈಮಿಂಗ್!’

ಆ ಇಬ್ಬರು ನಟರಲ್ಲಿ ಒಬ್ಬರು ಅಷ್ಟರಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದರು. ‘ಅಲ್ಲ ಮಾರಾಯ, ಜನ ಯಾಕೆ ಹಾಗೆ ನಗಾಡಿದ್ದು? ಸನ್ಮಾನದಲ್ಲಿ ಎಂತಾದ್ರೂ ಹೆಚ್ಚುಕಮ್ಮಿ ಆಯ್ತಾ?’

ಏನೂ ಆಗಲಿಲ್ಲ ಅಣ್ಣ ಎಂದೆ. ನಿಲ್ಲಿಸುತ್ತೇನೆ ಎಂದಿದ್ದ ರೇಮಂಡ್ ಮರುದಿನವೇ ಅಂಗಡಿಗೆ ಬಂದು ಮುಂದಿನ ಷೋ ಯಾವಾಗ ಎಂದು ಕೇಳಿದ್ದಾರೆ. ಮಗಳೂ ಜೊತೆಗಿದ್ದಳು, ಈ ಸಲ ‘ಸಾಕು’ ಎನ್ನಲಿಲ್ಲ.

ಹಿರಿಯರಿಗೆ ಶಾಲು ಹೊದಿಸುವ ಅವಸರದಲ್ಲಿ, ‘ನಿಮಗಿನ್ನೂ ಆಡುವ ಆಸೆ ಇದೆಯೇ?’ ಎಂದು ನಾವು ಕೊನೆಯ ಸಲ ಕೇಳಿದ್ದು ಯಾವಾಗ?