ಬಿಸಿನೀರಿನ ವಾದ

ಕಾಕಾನ ಬಲ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಬೀದರಿನ ಒಳಚರಂಡಿಗಳಿಗೆ ಬಿದಿರಿನ ದಬ್ಬೆ ತುರುಕಿ ಎಳೆದು ಎಳೆದು ಅಳಿಸಿಹೋಗಿದ್ದವು. "ಕೈ ನೋಡಿ ಭವಿಷ್ಯ ಹೇಳಾಂವ ಗಾಬರಿ ಆದ್ನವ್ವ, ಇದ್ರಾಗ ಏನೂ ಬರ್ದಿಲ್ಲಂದ" ಎಂದು ನಗುತ್ತಿದ್ದರು. ನನಗೆ ಹಸ್ತರೇಖೆಯಲ್ಲಿ ನಂಬಿಕೆಯಿಲ್ಲ. ಆ ಅಂಗೈಯನ್ನು ಮಾತ್ರ ಮರೆಯಲಾಗಿಲ್ಲ.

ನೆಂಟರೇನಲ್ಲ, ಔರಾದ ಕಡೆಯ ಚಿಂತಾಕಿ ಎಂಬ ಹಳ್ಳಿಯವರು. ನಮ್ಮ ಓಣಿಯ ಒಳಚರಂಡಿ ಚೇಂಬರ್ ಕಟ್ಟಿಕೊಂಡಾಗಲೆಲ್ಲ ಅವರೇ ಬರಬೇಕು. ಕೆಲಸ ಮುಗಿಸಿ ಅಪ್ಪನ ಮಿರ್ಚಿಭಜಿ ಅಂಗಡಿಯೆದುರು ನಿಂತು, ತಾವೇ ತಂದ ಸ್ಟೀಲ್ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. ನಮ್ಮ ಗ್ಲಾಸಿನಲ್ಲೇ ಕುಡಿಯಿರಿ ಎಂದು ನಾನು ಜಗಳ ತೆಗೆದರೆ, "ಇದ್ರಾಗ ಹೆಚ್ಚು ಹಿಡೀತದ, ವಕೀಲಮ್ಮ" ಅನ್ನುವರು.

ಪೈಪಿನೊಳಗೆ ಹೆಪ್ಪುಗಟ್ಟುವ ಜಿಡ್ಡಿಗೆ ಅವರಿಟ್ಟ ಹೆಸರು ಮಲಾಯಿ, ಹಾಲಿನ ಕೆನೆಯ ಹೆಸರು. "ಹಳದಿ ಇದ್ರ ಬಿರ್ಯಾನಿದು, ಕರ್ರಗಿದ್ರ ಭಜಿದು." ಒಮ್ಮೆ ಅಪ್ಪನಿಗೂ ಹೇಳಿದರು: "ಸೇಠ್, ಸುಟ್ಟ ಎಣ್ಣಿ ಮೋರಿಗಿ ಬಿಡಬ್ಯಾಡ್ರಿ."

ನಾನು ಆಗಷ್ಟೇ ಕಾಲೇಜಿನ ಚರ್ಚಾಸ್ಪರ್ಧೆ ಗೆದ್ದು ಬಂದಿದ್ದೆ. "ಕುದಿನೀರು, ಸೋಪಿನ ಪುಡಿ ಹಾಕಿದ್ರ ಕರಗಿ ಹೋಗ್ತದ ಕಾಕಾ. ಇದು ವಿಜ್ಞಾನ."

"ಕರಗ್ತದ, ಖರೆ. ಮುಂದ ಎಲ್ಲಿ ಗಟ್ಟಿ ಆಗ್ತದ, ಅದ್ನೂ ಹೇಳು."

ವಿಷಯ ಬದಲಿಸಿ ಗೆದ್ದೆ. ಅಂದಿನಿಂದ ಅಪ್ಪ ದಿನವೂ ಸುಟ್ಟ ಎಣ್ಣೆ ಮೋರಿಗೆ ಬಿಟ್ಟು, ಅದರ ಹಿಂದೆಯೇ ಕುದಿನೀರು ಸುರಿಯತೊಡಗಿದ.

ಹೋದ ಚಳಿಗಾಲ ಓಣಿಯ ತಿರುವಿನಲ್ಲಿ ಹೊಲಸು ನೀರು ಉಕ್ಕಿ ಮನೆಗಳಿಗೆ ನುಗ್ಗಿತು. ನೀರು ಚಿಮ್ಮಿಸಿ ಚರಂಡಿ ಬಿಡಿಸುವ ಜೆಟ್ಟಿಂಗ್ ಗಾಡಿ ಭಾಲ್ಕಿಗೆ ಹೋಗಿತ್ತು. ನಗರಸಭೆಯ ಮೇಸ್ತ್ರಿ ಚೇಂಬರಿನ ಮುಚ್ಚಳ ತೆಗೆಸಿ ಕಾಕಾಗೆ "ಇಳಿ" ಅಂದ.

"ಮನುಷ್ಯಾರನ್ನ ಇಳಿಸೂದು ಕಾನೂನಿಗೆ ವಿರುದ್ಧ ಅದರಿ! ಗಾಡಿ ಬರೂತನ ಕಾಯ್ರಿ!" ಎಂದು ಕೂಗಿದೆ.

"ನಿಮ್ಮ ಮನಿ ಎತ್ತರದಾಗ ಅದ, ಭಾಷಣ ಮಾಡ್ತಿ," ಎಂದಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡ ನೆರೆಯಾಕೆ.

ಕಾಕಾ ಮೊದಲು ದಬ್ಬೆ ತುರುಕಿ ಎಳೆದರು. ತುದಿಗೆ ಕರ್ರಗಿನ ಗಡ್ಡೆ ಅಂಟಿ ಬಂತು. ಒಡೆದರೆ ಒಳಗೆ ಮೆಣಸಿನಕಾಯಿ ತೊಟ್ಟುಗಳು, ಗಿರಾಕಿಗಳು ತಟ್ಟೆಯಲ್ಲಿ ಬಿಟ್ಟುಹೋಗುವಂಥವು. ಓಣಿಯಲ್ಲಿ ಭಜಿ ಅಂಗಡಿ ಇರುವುದು ಒಂದೇ.

"ಯಾರ್ದಿದು?" ಮೇಸ್ತ್ರಿ ಗದರಿದ.

ಕಾಕಾ ನನ್ನತ್ತ ನೋಡಿದರು. "ಮಲಾಯಿ ಮ್ಯಾಲ ಹೆಸರು ಬರ್ದಿರ್ತದೇನ್ರಿ?" ಎಂದು ಗಡ್ಡೆಯನ್ನು ಬುಟ್ಟಿಗೆ ಒಗೆದರು.

ಆಗ ಇನ್ನೊಮ್ಮೆ ನಾನು "ಇಳೀಬ್ಯಾಡ್ರಿ" ಅನ್ನಬೇಕಿತ್ತು. ಅನ್ನಲಿಲ್ಲ. ಜಗಳ ಬೆಳೆದರೆ ಆ ತೊಟ್ಟು ಯಾರದೆಂಬ ಪ್ರಶ್ನೆ ಮತ್ತೆ ಏಳುತ್ತಿತ್ತು. ಕಾನೂನೆಲ್ಲ ಬಾಯಿಪಾಠ ಇದ್ದವಳು ಎರಡು ಹೆಜ್ಜೆ ಹಿಂದೆ ಸರಿದೆ. ಅವರು ಅಂಗಿ ಬಿಚ್ಚಿಟ್ಟು ಇಳಿದರು.

ಕೆಮ್ಮುತ್ತ ಮೇಲೆ ಬಂದರು. ಆ ಕೆಮ್ಮು ನಿಲ್ಲಲಿಲ್ಲ. ಮಳೆಗಾಲಕ್ಕೆ ಮೊದಲೇ ತೀರಿಕೊಂಡರು. ಕೆಮ್ಮು ಮೊದಲೂ ಇತ್ತು, ಬೀಡಿಯೂ ಇತ್ತು. ಆ ದಿನ ಇಳಿದದ್ದೇ ಕಾರಣ ಅನ್ನಲು ಪುರಾವೆಯಿಲ್ಲ. ವೇದಿಕೆ ಕೊಟ್ಟರೆ ಮೂರೇ ನಿಮಿಷದಲ್ಲಿ ನಮ್ಮದೇನೂ ತಪ್ಪಿಲ್ಲವೆಂದು ಸಾಧಿಸಿ ಕಪ್ ಹೊತ್ತು ತರಬಲ್ಲೆ.

ಈಗ ಸುಟ್ಟ ಎಣ್ಣೆಯನ್ನು ನಾನೇ ಡಬ್ಬಿಗೆ ಬಗ್ಗಿಸುತ್ತೇನೆ. ಅಪ್ಪ ಗೊಣಗುತ್ತಾನೆ: "ಕರಗಿ ಹೋಗ್ತದ ಅಂದಾಕಿ ನೀನೇ ಅಲ್ಲೇನು?"

"ಹೌದು, ನಾನೇ."

ಓಣಿಗೆ ಕೇಳುವಷ್ಟು ಜೋರಾಗಿ ಇನ್ನೂ ಅಂದಿಲ್ಲ.