ಮಗ್ಗ ಖಾಲಿ ಮಾಡಿ ವೀಸಾ ಕೇಳಿದ ಬಾಲಮ್ಮ

ನಮ್ಮಕ್ಕ ಬಾಲಮ್ಮನಿಗೆ ವೀಸಾ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ನಾರಾಯಣಪೇಟೆಯಲ್ಲಿ ಕಂಡಕಂಡವರೆಲ್ಲ ಕೇಳುತ್ತಾರೆ. ಊಟ್ಕೂರ್ ದಾರಿಯಲ್ಲಿ ನನ್ನ ಶೇರ್ ಆಟೋ ಹತ್ತಿದವರದೂ ಅದೇ ಮಾತು. ಹೇಳಿ ಹೇಳಿ ಗಂಟಲು ಒಣಗಿದೆ, ಅದಕ್ಕೇ ಒಮ್ಮೆ ಪೂರ್ತಿ ಹೇಳಿಬಿಡುತ್ತೇನೆ. ಆ ದೇಶದ ಹೆಸರು ಮಾತ್ರ ಕೇಳಬೇಡಿ. ಅದು ಬಾಯಿಗೆ ಬಂದರೆ ಹಿಂದೆಯೇ ಬೈಗುಳವೂ ಬರುತ್ತದೆ.

ಅಕ್ಕ ಸೀರೆ ನೇಯುವವಳು. ಗೇಣುದ್ದ ಹುಡುಗಿ ಇದ್ದಾಗಲೇ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟವಳು. ಭಾವ ತೀರಿಕೊಂಡ ಮೇಲೂ ಯಾರ ಮುಂದೆಯೂ ಕೈಯೊಡ್ಡದೆ, ಆ ಒಂದು ಮಗ್ಗದ ಮೇಲೆಯೇ ಮಗಳು ನವನೀತಾಳಿಗೆ ನರ್ಸಿಂಗ್ ಓದಿಸಿದಳು. ನವನೀತಾ ಈಗ ಆ ಹೆಸರು ಹೇಳದ ದೇಶದ ಆಸ್ಪತ್ರೆಯೊಂದರಲ್ಲಿ ನರ್ಸ್. ಚೊಚ್ಚಲ ಬಸುರಿ ಬೇರೆ. ಚೊಚ್ಚಲ ಹೆರಿಗೆ ತವರಿನದು, ನಮ್ಮಲ್ಲಿ ಅದನ್ನು ಯಾರೂ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಆದರೆ ಬಿ.ಪಿ. ಏರಿದೆ, ವಿಮಾನ ಹತ್ತಬೇಡ ಎಂದು ಅಲ್ಲಿನ ಡಾಕ್ಟರು ಅಂದುಬಿಟ್ಟರು. ಅಳಿಯನಿಗೆ ರಾತ್ರಿ ಪಾಳಿ, ಅವನಿಗೆ ತಾಯಿ ಇಲ್ಲ.

"ಅಕಿಗೆ ಬರಾಕ ಆಗಂಗಿಲ್ಲಂದ್ರ ನಾ ಅಕಿ ಹತ್ರ ಹೋಗ್ತೀನಿ. ನನ್ನ ಮಗಳು ಒಬ್ಬಾಕಿನ ಹಡಿಯಬಾರ್ದು," ಅಂದಳು ಅಕ್ಕ. ಬಾಣಂತಿಗೆ, ಕೂಸಿಗೆ ಬೇಕಾಗುವ ಅಳವಿ, ಅಂಟು, ಬಜೆ ಎಲ್ಲ ಡಬ್ಬಿಗೆ ತುಂಬಿದ್ದೂ ಆಯಿತು. ವೀಸಾ ಅನ್ನುವುದೊಂದು ಇದೆ ಎಂದು ಗೊತ್ತಾದದ್ದು ಆಮೇಲೆ.

ಗದ್ವಾಲದಲ್ಲಿ ನರೇಂದರ್ ಎಂಬ ಏಜೆಂಟ್ ಇದ್ದಾನೆ. ಅರಬ ದೇಶಗಳಿಗೆ ದುಡಿಯಲು ಹೋಗುವವರ ಕಾಗದಪತ್ರ ಮಾಡಿಸಿ ಪಳಗಿದವನು. ಮಕ್ತಲ್‌ನಲ್ಲಿ ಬಸ್ಸು ಬದಲಿಸಿ, ಬಿಸಿಲಲ್ಲಿ ಬೆಂದು ಅವನ ಅಂಗಡಿ ಮುಟ್ಟಿದರೆ ಪ್ರತಿ ಸಲವೂ ಹೊಸದೊಂದು ಕಾಗದ ಕೇಳುವನು. ಎಲ್ಲ ಒಂದೇ ಸಲ ಹೇಳಿದರೆ ಇವನಪ್ಪನ ಗಂಟೇನು ಹೋಗುತ್ತದೆ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕ ನನ್ನ ತೋಳು ಹಿಡಿದು ಕೂರಿಸುತ್ತಿದ್ದಳು.

"ರಜಾ ಚೀಟಿ ತಂದ್ರೇನ್ರಿ ಅಮ್ಮಾ?" ಎಂದ ಒಂದು ದಿನ.

"ಯಾರ ರಜಾ?"

"ನಿಮ್ದೇ ರೀ. ರಜಾ ಕೊಟ್ಟೀವಿ, ತಿರುಗಿ ಬಂದು ಕೆಲಸಕ್ಕ ಕೂಡ್ತಾರ ಅಂತ ಮಾಲಕರು ಬರ್ಕೊಡಬೇಕು. ಕೆಲಸದ್ದೊಂದು ಫೋಟೋನೂ ಬೇಕು."

"ನನ್ನ ಮಗ್ಗಕ್ಕ ನಾನ ಮಾಲಕಿ. ನನಗ ನಾನ ರಜಾ ಬರ್ಕೊಳ್ಳಾಕ ಬರ್ತೈತೇನಪಾ?"

"ನಡಿಯಂಗಿಲ್ರಿ," ಎಂದು ನರೇಂದರ್ ತಲೆ ಅಲ್ಲಾಡಿಸಿದ. ಅಕ್ಕನಿಗೆ ನೂಲು ಕೊಟ್ಟು ಸೀರೆ ಒಯ್ಯುವ ಸಾಹುಕಾರ ಶಿವಶಂಕರಪ್ಪನ ಕೈಯಲ್ಲಾದರೂ ಬರೆಸಿ ತರಬೇಕು ಎಂದು ಇತ್ಯರ್ಥವಾಯಿತು.

ಇಲ್ಲಿ ನಮ್ಮ ಮನೆತನದ ರೂಢಿಯೊಂದನ್ನು ಹೇಳಬೇಕು. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲು, ಏಳೆಂಟು ಸೀರೆಗೆ ಆಗುತ್ತದೆ. ಅದನ್ನು ಅರ್ಧಕ್ಕೆ ಬಿಟ್ಟು ನಮ್ಮ ಮನೆಯವರು ದೂರದ ಪ್ರಯಾಣ ಹೊರಡುವುದಿಲ್ಲ. ಹಾಗೆ ಹೋದವರನ್ನು ಹೊಣೆಗೇಡಿ ಅನ್ನುತ್ತಾರೆ. ಅಕ್ಕ ಹಗಲೂ ರಾತ್ರಿ ಕೂತು ಇದ್ದ ಹಾಸನ್ನು ಮುಗಿಸಿದಳು. ಸಾಹುಕಾರ ಹೊಸ ನೂಲು ಕಳಿಸಿದರೆ ಹಿಂದಕ್ಕೆ ಕೊಟ್ಟಳು. ಮಗ್ಗ ಒರೆಸಿ ಕುಂಕುಮ ಹಚ್ಚಿ, ಅದರ ಪಕ್ಕದಲ್ಲಿ ಇಸ್ತ್ರಿ ಸೀರೆ ಉಟ್ಟು ನಿಂತು ಫೋಟೋ ತೆಗೆಸಿಕೊಂಡಳು. ಶಿವಶಂಕರಪ್ಪ ಅವಳು ಹೇಳಿದಂತೆಯೇ ಬರೆದುಕೊಟ್ಟ: ಬಾಲಮ್ಮ ನನ್ನ ಕೆಲಸವನ್ನೆಲ್ಲ ಮುಗಿಸಿ ಕೊಟ್ಟಿದ್ದಾಳೆ, ಯಾವುದೂ ಬಾಕಿ ಇಲ್ಲ. ಅವಳ ಪಾಲಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ನರೇಂದರ್ ಅದನ್ನು ಸರಿಯಾಗಿ ಓದಿಯೂ ನೋಡದೆ ಇಂಗ್ಲಿಷಿಗೆ ಮಾಡಿಸಿ ಫೈಲಿಗೆ ಸೇರಿಸಿದ.

ಹೈದರಾಬಾದಿನಲ್ಲಿ ಇಂಟರ್‌ವ್ಯೂ ಇತ್ತು. ನನ್ನನ್ನು ಒಳಗೆ ಬಿಡಲಿಲ್ಲ. ಗೇಟಿನ ಹೊರಗೆ ನೆರಳೂ ಇಲ್ಲ, ಕೂರಲು ಒಂದು ಕಲ್ಲೂ ಇಲ್ಲ. ಕಾವಲಿನವನ ಜೊತೆ ಜಗಳ ತೆಗೆಯುವಷ್ಟರಲ್ಲಿ ಅಕ್ಕ ನಗುತ್ತ ಹೊರಗೆ ಬಂದಳು.

"ಏನ್ ಕೇಳಿದ್ರಕ್ಕ?"

"ಊರಾಗ ನಿನಗ ಏನೇನ್ ಕೆಲಸ ಐತಿ, ಯಾರ್ ಅದಾರ ಅಂತ ತೆಲುಗಿನ್ಯಾಗ ಕೇಳಿದ್ರು. ಒಂದೆಳಿ ಸುದ್ದಾ ಬಾಕಿ ಇಟ್ಟಿಲ್ರಿ, ಎಲ್ಲಾ ಮುಗಿಸೇ ಬಂದೀನಿ ಅಂದೆ. ನನಗಿರೋ ಒಬ್ಬಾಕಿ ಮಗಳು, ಅಕಿನೂ ಅಲ್ಲೇ ಅದಾಳ ಅಂದೆ. ಫೋಟೋ ನೋಡಿ ಏನೋ ಬರ್ಕೊಂಡ್ರು."

ಕೆಲಸ ಆಯಿತು ಎಂದು ನನಗೂ ಅನ್ನಿಸಿತು. ಆ ಖುಷಿಯಲ್ಲಿ ಇಬ್ಬರೂ ಇರಾನಿ ಚಹಾ ಕುಡಿದು ಬಸ್ಸು ಹತ್ತಿದೆವು.

ಕೆಲವು ವಾರಗಳಾದ ಮೇಲೆ ಪಾಸ್‌ಪೋರ್ಟ್ ಹಿಂದಕ್ಕೆ ಬಂತು, ವೀಸಾ ಇರಲಿಲ್ಲ. ಜೊತೆಗಿದ್ದ ಹಾಳೆಯನ್ನು ಓದಿ ನರೇಂದರ್ ಲೊಚಗುಟ್ಟಿದ.

"ನೀವು ವಾಪಸ್ ಬರ್ತೀರಂತ ಅವ್ರಿಗೆ ನಂಬಿಕಿ ಬಂದಿಲ್ರಿ. ಊರಾಗ ಮಾಡಾಕ ಏನೂ ಉಳದಿಲ್ಲ, ಮಗಳೂ ಇಲ್ಲ, ಮತ್ಯಾಕ ಬರ್ತಾರ ಅಂತಾರ. ಮಗ್ಗದ ಮ್ಯಾಲ ಅರ್ಧ ಸೀರಿ ಇದ್ದಿದ್ರ ಅದ ಸಾಕ್ಷಿ ಆಗ್ತಿತ್ತು ನೋಡ್ರಿ."

"ಇದನ್ನ ಮೊದಲ ಬೊಗಳಾಕ ನಿನಗ ಏನಾಗಿತ್ತೋ?" ನಾನು ಎದ್ದೇ ನಿಂತೆ. ಅವನ ಕೊರಳಪಟ್ಟಿಗೆ ನನ್ನ ಕೈ ಹೋಗಿತ್ತು, ಅಕ್ಕ ಬಿಡಿಸಿದಳು.

"ಅರ್ಧ ಬಿಟ್ಟು ಹೋಗೋರನ್ನ ನಂಬ್ತಾರ, ಮುಗಿಸಿ ಹೋಗೋರನ್ನ ನಂಬಂಗಿಲ್ಲೇನಪಾ?" ಎಂದು ಅವನನ್ನೇ ಕೇಳಿದಳು. ಅವನು ಮತ್ತೊಮ್ಮೆ ಅರ್ಜಿ ಹಾಕಬಹುದು ಎಂದು ಕಂಪ್ಯೂಟರ್ ನೋಡಿದ. ಸಿಕ್ಕ ತಾರೀಖು ನವನೀತಾಳ ದಿನ ತುಂಬಿದ ಮೇಲಿನದು. ಗದ್ವಾಲದಿಂದ ಊರು ಮುಟ್ಟುವವರೆಗೆ ನಾನು ಆ ದೇಶದ ಏಳು ತಲೆಮಾರನ್ನು ಬಯ್ದೆ.

ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಅಳಿಯ ಆಸ್ಪತ್ರೆಯಿಂದ ವಿಡಿಯೋ ಕಾಲ್ ಮಾಡಿದಾಗ ನಾನು ಅಕ್ಕನ ಮನೆಯಲ್ಲೇ ಇದ್ದೆ. ನವನೀತಾಳ ಕಣ್ಣುಗಳು ಊದಿಕೊಂಡಿದ್ದವು.

"ಅವ್ವಾ, ಎಷ್ಟೋ ಮಂದಿ ಕೂಸು ಎತ್ತೀನಿ. ಇದನ್ನ ಎತ್ತಾಕ ಅಂಜಿಕಿ ಬರ್ತೈತಿ. ನೀ ಇರಬೇಕಿತ್ತು."

"ಅಂಜಬ್ಯಾಡವಾ. ಕುತ್ತಿಗಿ ಕೆಳಗ ಅಂಗೈ ಕೊಡು. ಹಾಂ, ಹಂಗ. ಈಗ ಎದಿಗೆ ತಗೋ." ಅಕ್ಕ ತನ್ನ ಬರಿಗೈಯನ್ನು ಗಾಳಿಯಲ್ಲಿ ಹಾಗೆಯೇ ಹಿಡಿದು ತೋರಿಸುತ್ತಿದ್ದಳು. ಕೂಸು ಅಳು ನಿಲ್ಲಿಸಿತು. ಅಷ್ಟರಲ್ಲಿ ಯಾರೋ ಡಾಕ್ಟರು ಬಂದರೆಂದು ಅಳಿಯ ಫೋನ್ ಇಟ್ಟ.

ನನಗೆ ತಡೆಯಲಾಗಲಿಲ್ಲ. "ವಾಪಸ್ ಬರಂಗಿಲ್ಲಂತ. ಹುಟ್ಟಿದಾಗಿಂದ ಈ ಓಣಿ ಬಿಡಲಾರದಾಕಿ ನೀ. ಅವರ ದೇಶ ಯಾರಿಗೆ ಬೇಕಾಗೈತಿ? ಕಣ್ಣಾಗ ಮಣ್ಣು ಬಿದ್ದೈತೇನು ಅವ್ರಿಗೆ?"

ಅಕ್ಕ ಫೋನಿನ ಗಾಜನ್ನು ಸೆರಗಿನಿಂದ ಒರೆಸಿ ಕೆಳಗಿಟ್ಟಳು.

"ಬೈಬ್ಯಾಡ ಭೀಮಯ್ಯ," ಅಂದಳು. "ಆ ಹಾಳ್ಯಾಗ ಅವ್ರು ಖರೇನ ಬರ್ದಾರ. ಆ ಕೂಸು ಒಮ್ಮೆ ನನ್ನ ಕೈಗೆ ಬಂದಿದ್ರ, ನಾ ವಾಪಸ್ ಬರ್ತಿದ್ದಿಲ್ಲ."