ಎಲೆ ಹಣ್ಣಾಗುವ ತನಕ

ಬೂಬಮ್ಮನ ಉಗುರುಗಳ ಮೇಲೆ ಮದರಂಗಿಯ ಕೆಂಪು, ಸಂದಿಯಲ್ಲಿ ಮಣ್ಣಿನ ಕಪ್ಪು. ಎರಡರಲ್ಲಿ ಒಂದೂ ಇಲ್ಲದ ಆ ಕೈಯನ್ನು ಚಿಕ್ಕಂದಿನಲ್ಲಿ ನಾನು ಕಂಡಿರಲಿಲ್ಲ. ಮುಳಬಾಗಿಲಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ. ಅವರ ಯಜಮಾನರು ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕುವ ಸಾಬರು. ಬೀದಿಯವರಿಗೆಲ್ಲ ಈಕೆ ಬೂಬಮ್ಮ. ಹೆಸರು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಸಾಬರು ಒಮ್ಮೆ ರಾಯಲ್ಪಾಡಿನ ಕಡೆಯಿಂದ ಬರುವಾಗ ಬಂಡೆಯ ಸಂದಿಯಿಂದ ಒಂದು ಗಿಡ ಕಿತ್ತು ತಂದಿದ್ದರು. ಅದು ನೆಲದಲ್ಲಿ ಬೆಳೆಯುವ ಆರ್ಕಿಡ್ ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಬೂಬಮ್ಮನಿಗೆ ಅದು ಬರೀ ‘ಗೆಡ್ಡೆ’. ಕಲಾಯಿಗೂ ಬಗ್ಗದ, ತಳ ತೂತಾದ ಹಿತ್ತಾಳೆ ಬೋಸಿಯಲ್ಲಿ ಮರಳು, ಕೆಮ್ಮಣ್ಣು, ಕೊಳೆತ ಮಾವಿನೆಲೆ ತುಂಬಿ ನೆಟ್ಟಿದ್ದರು. ಮಳೆಗಾಲದಲ್ಲಿ ಚಿಗುರಿ ಬಿಳಿ ಹೂ ಬಿಡುವುದು. ದೀಪಾವಳಿ ಕಳೆಯುತ್ತಲೇ ಎಲೆ ಹಣ್ಣಾಗಿ ಉದುರಿ ಗಿಡ ಮಾಯ. ಆಮೇಲೆ ಮುಂಗಾರಿನ ತನಕ ಬೋಸಿ ಸೂರಿನ ಕೆಳಗೆ ಒಣಗಿಕೊಂಡೇ ಇರಬೇಕು. ಪಾಪ ಎನ್ನಿಸಿ ನಾನು ಚೊಂಬು ಎತ್ತಿದರೆ ಕೈ ತಡೆಯುತ್ತಿದ್ದರು. “ಮಲಗಿರೋರ ಮೇಲೆ ನೀರು ಹೊಯ್ತಾರೇನೇ?”

ಒಂದು ಮಳೆಗಾಲ ಸಾಬರಿಗೆ ಎದೆಯ ಕಾಯಿಲೆ ಬಂದು ಮೈ ಇಳಿಯತೊಡಗಿತು. ಆ ಗೆಡ್ಡೆಯನ್ನು ಹಾಲಿನಲ್ಲಿ ಬೇಯಿಸಿ ಕೊಟ್ಟರೆ ಕಸುವು ಬರುತ್ತದೆ ಎಂದರು ಹಕೀಮರು. ಎಲೆ ಹಸಿರಿರುವಾಗ ಹಳೆಯ ಗೆಡ್ಡೆ ಸೊರಗಿರುತ್ತದೆ, ಹೊಸದು ಇನ್ನೂ ತುಂಬಿಕೊಂಡಿರುವುದಿಲ್ಲ. ಎಲೆ ಹಣ್ಣಾಗಲಿ, ಆಗ ಅಗೆಯುತ್ತೇನೆ ಎಂದರು ಬೂಬಮ್ಮ. ಸಾಬರೂ ಹೂಂ ಎಂದರಂತೆ. ಕಾಯಿಲೆ ಕಾಯಲಿಲ್ಲ. ಎಲೆಗಳು ಹಚ್ಚಗೆ ಇರುವಾಗಲೇ ಸಾಬರು ಹೋಗಿಬಿಟ್ಟರು.

ಅಂದಿನಿಂದ ಮದರಂಗಿ ಹೋಯಿತು, ಉಗುರಿನಲ್ಲಿ ಮಣ್ಣು ಮಾತ್ರ ಉಳಿಯಿತು. ಗೆಡ್ಡೆಯನ್ನು ಮಾತ್ರ ಅವರು ಬಿಡಲಿಲ್ಲ. ಯಾರ ಮುಂದೆಯೂ ಅಳದ ಹೆಂಗಸು ಆ ಬೋಸಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅಳುವುದನ್ನು ಗೋಡೆಯಾಚೆಯಿಂದ ನಾನು ಎಷ್ಟೋ ಸಲ ನೋಡಿದ್ದೇನೆ.

ಮರುವರ್ಷ ನನಗೆ ಟೈಫಾಯಿಡ್. ಜ್ವರ ಇಳಿದರೂ ಎದ್ದು ಕೂರುವ ಶಕ್ತಿ ಬರಲಿಲ್ಲ. ನಮ್ಮಮ್ಮ ದೇವರಿಗೆಲ್ಲ ಹರಕೆ ಹೊತ್ತು ಸುಸ್ತಾಗಿದ್ದಳು. ಆಗ ಬೂಬಮ್ಮ ಬಿಸಿ ಹಾಲಿನ ಲೋಟ ಹಿಡಿದು ಬಂದರು. ಮೊಣಕೈ ತನಕ ಮಣ್ಣು. ಗಿಡ ಮೊಗ್ಗು ಹಿಡಿದಿದ್ದನ್ನು ಅಮ್ಮ ಹಿಂದಿನ ದಿನವಷ್ಟೇ ನೋಡಿದ್ದಳು. ಹೂ ಬಿಡುವ ಹೊತ್ತಿನಲ್ಲಿ ಯಾಕೆ ಅಗೆದಿರಿ ಎಂದು ಕೇಳಿದಳು.

“ಎಲೆ ಹಣ್ಣಾಗ್ಲಿ ಅಂತ ಒಂದ್ಸಲ ಕಾದೆನಮ್ಮ. ಇನ್ನು ಕಾಯಲ್ಲ.”

ಅವರ ಮನೆಯ ನೀರನ್ನೂ ಮುಟ್ಟದ ನಮ್ಮಮ್ಮ ಆ ಲೋಟವನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಹಳೆಯದು, ಹೊಸದು ಎರಡೂ ಗೆಡ್ಡೆ ಅದರಲ್ಲೇ ಇದ್ದವು, ಮತ್ತೆ ಚಿಗುರಲು ಏನೂ ಉಳಿದಿರಲಿಲ್ಲ. ನನ್ನನ್ನು ಉಳಿಸಿದ್ದು ಆಸ್ಪತ್ರೆಯ ಮಾತ್ರೆ ಎಂದರು ಡಾಕ್ಟರು. ಇರಬಹುದು, ನಾನೇನೂ ವಾದ ಮಾಡುವುದಿಲ್ಲ. ಆದರೆ ಆ ಹಾಲಿನ ಒಗರು ಇವತ್ತಿಗೂ ನನ್ನ ನಾಲಿಗೆಯ ಮೇಲಿದೆ.

ಆ ಬೋಸಿಯಲ್ಲಿ ಅವರು ಮತ್ತೇನನ್ನೂ ನೆಡಲಿಲ್ಲ. ನಾನು ಮದುವೆಯಾಗಿ ಮಾಲೂರಿಗೆ ಹೋದೆ. ಎಂಬತ್ತರ ದಶಕದ ಕೊನೆಯಲ್ಲಿ ಬೂಬಮ್ಮ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ತವರಿಗೆ ಬಂದಾಗ ನೋಡಲು ಹೋಗಿದ್ದೆ. ಹಾಸಿಗೆಯಿಂದಲೇ ನನ್ನ ರಟ್ಟೆ ಹಿಡಿದು ಒತ್ತಿ ನೋಡಿ, “ಚೆನ್ನಾಗಿ ತುಂಬ್ಕೊಂಡಿದ್ದೀಯ ಕಣೇ” ಎಂದು ನಕ್ಕರು. ನನಗೆ ನಗಲು ಆಗಲಿಲ್ಲ. ನನ್ನ ರಟ್ಟೆಯ ಮೇಲಿದ್ದ ಆ ಬೆರಳುಗಳನ್ನೇ ನೋಡುತ್ತಿದ್ದೆ. ಉಗುರುಗಳಲ್ಲಿ ಒಂಚೂರೂ ಮಣ್ಣಿರಲಿಲ್ಲ.